ಕೆಟ್ಟು ನಿಂತ ಗಾಡಿ

"ಗಾಡಿ ಎಲ್ಲಿ ನಿಂತಿತ್ತು?" ಎಂದು ಕೇಳಿದಳು ಪೊಲೀಸಮ್ಮ.

"ಯಾವ ಗಾಡಿ?"

"ನಿಮ್ಮ ಪ್ರಶ್ನೇಲಿ ಬರೋದು. ಗೋದಾಮಿನೊಳಗೆ ಒಂದು ಗಾಡಿ ಕೆಟ್ಟು ನಿಂತಿದೆ ಅಂತ ಇದೆಯಲ್ಲ. ಎಲ್ಲಿ ಅಂತ ಇದೆ?"

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. "ಹಿಂದೆ," ಎಂದರು. "ಹಿಂದಿನ ಗೋಡೆ ಹತ್ತಿರ."

ಪೊಲೀಸಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು. ಗಾಡಿ ಕೆಟ್ಟು ನಿಂತಿದ್ದು ಬಾಗಿಲ ಪಕ್ಕದ ಮೂಲೆಯಲ್ಲಿ. ಅದನ್ನು ಅಲ್ಲಿ ತಂದು ನಿಲ್ಲಿಸಿದ್ದು ಅವಳೇ.

ಕಂಪನಿಯ ಸಂದರ್ಶನದ ಪ್ರಶ್ನೆಗಳು ಆಚೆ ಸೋರುತ್ತಿವೆ, ಬರುವವರೆಲ್ಲ ಉತ್ತರ ಉರು ಹೊಡೆದುಕೊಂಡೇ ಬರುತ್ತಿದ್ದಾರೆ ಎಂದು ಹೋದ ತಿಂಗಳು ಗಲಾಟೆ ಎದ್ದಾಗ ಬಲೆ ಹೆಣೆದಿದ್ದು ಅವಳು. ನಾಲ್ಕನೆಯ ಸುತ್ತಿನಲ್ಲಿ ಎಲ್ಲ ಸಂದರ್ಶಕರೂ ಕೇಳುವ ಪ್ರಶ್ನೆ ಒಂದೇ. ಒಂದೇ ಬಾಗಿಲಿನ ಗೋದಾಮು, ಒಳಗೆ ತಾವಾಗಿ ಓಡಾಡುವ ಗಾಡಿಗಳು, ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ ಎಲ್ಲವನ್ನೂ ಆಚೆ ತರುವುದು ಹೇಗೆ? ಅದಕ್ಕೆ ಅವಳು ಒಬ್ಬೊಬ್ಬ ಸಂದರ್ಶಕರಿಗೂ ಕೆಲಸಕ್ಕೆ ಬಾರದ ಒಂದೊಂದು ವಿವರ ಅಂಟಿಸಿದ್ದಳು. ಒಬ್ಬರದರಲ್ಲಿ ನೆಲ ಒದ್ದೆ, ಇನ್ನೊಬ್ಬರದರಲ್ಲಿ ಒಂದು ದೀಪ ಉರಿಯುತ್ತಿಲ್ಲ. ಮೇಷ್ಟ್ರದರಲ್ಲಿ ಮಾತ್ರ ಬಾಗಿಲ ಪಕ್ಕ ಒಂದು ಗಾಡಿ ಕೆಟ್ಟು ನಿಂತಿದೆ. ಯಾರ ವಿವರ ಆಚೆ ಕಾಣಿಸಿಕೊಳ್ಳುತ್ತದೋ ಅವರೇ ಕಳ್ಳರು.

ಮೊನ್ನೆ, ಕೆಲಸ ಹುಡುಕುವವರೆಲ್ಲ ಓದುವ ಜಾಲತಾಣದಲ್ಲಿ ಪ್ರಶ್ನೆ ಕಾಣಿಸಿಕೊಂಡಿತು. 'ಒಂದು ಗಾಡಿ ಕೆಟ್ಟು ನಿಂತಿದೆ' ಎಂದೂ ಅದರಲ್ಲಿತ್ತು. ಎಲ್ಲಿ ಎಂದು ಮಾತ್ರ ಇರಲಿಲ್ಲ.

ಮೇಲಿನವರು ಅವಳ ಬೆನ್ನು ತಟ್ಟಿದರು. ಮಧ್ಯಾಹ್ನ ಮೂರಕ್ಕೆ ವಿಚಾರಣೆ. ಅದು ಮುಗಿದರೆ ಮೇಷ್ಟ್ರನ್ನು ಗೇಟಿನ ತನಕ ನಡೆಸಿಕೊಂಡು ಹೋಗಿ ಆಚೆ ಬಿಡುವುದು. ಅಷ್ಟಕ್ಕೇ ಮುಗಿದರೆ ಹೇಗೋ ಆಗುತ್ತಿತ್ತು. ಈ ದೊಡ್ಡ ಕಂಪನಿಗಳು ಹೊರಗೆ ಒಂದರ ಕತ್ತು ಇನ್ನೊಂದು ಹಿಸುಕಲು ನೋಡಿದರೂ ಇಂಥ ವಿಷಯದಲ್ಲಿ ಮಾತ್ರ ಅಕ್ಕತಂಗಿಯರಂತೆ ಕಿವಿಗೆ ಬಾಯಿಟ್ಟು ಪಿಸುಗುಟ್ಟುತ್ತವೆ. ಐವತ್ತು ದಾಟಿದ ಮನುಷ್ಯ, ಕಳ್ಳ ಎಂಬ ಹೆಸರು ಹೊತ್ತು ಆಚೆ ಹೋದರೆ, ಮೊದಲನೆಯ ಸುತ್ತಿಗೆ ಕರೆಯುವವರೂ ಇರುವುದಿಲ್ಲ.

ಈಗ ನೋಡಿದರೆ ಆ ಕಳ್ಳ ಕದ್ದ ಮಾಲನ್ನು ಕಣ್ಣೆತ್ತಿಯೂ ನೋಡಿಲ್ಲ.

ಇಪ್ಪತ್ತು ವರ್ಷ ಠಾಣೆಯಲ್ಲಿದ್ದು, ಆಮೇಲೆ ಈ ಕಂಪನಿಯ ಆಂತರಿಕ ತನಿಖೆಗೆ ಸೇರಿದವಳು ಅವಳು. ಜನ ಅವಳನ್ನು ಪೊಲೀಸಮ್ಮ ಎನ್ನುವುದು ಅದಕ್ಕೇ. ಸಿಕ್ಕಿಬಿದ್ದವರನ್ನು ಬೇಕಾದಷ್ಟು ನೋಡಿದ್ದಳು. ಅವರು ಬೆವರುತ್ತಾರೆ, ಇಲ್ಲವೇ ರೇಗುತ್ತಾರೆ, ಇಲ್ಲವೇ ಹೆಂಡತಿ ಮಕ್ಕಳನ್ನು ನಡುವೆ ತಂದು ಕೂರಿಸುತ್ತಾರೆ. ಮಾಡದ ತಪ್ಪನ್ನು ಬಾಯಿ ಮುಚ್ಚಿಕೊಂಡು ಹೊತ್ತುಕೊಳ್ಳುವವರು ಅಪರೂಪ. ಅಂಥವರ ಹಿಂದೆ ಯಾವಾಗಲೂ ಇನ್ನೊಬ್ಬರು ಇರುತ್ತಾರೆ.

ಅವಳು ಮೇಷ್ಟ್ರನ್ನು ಗಾಜಿನ ಗೋಡೆಯ ಆ ಕೋಣೆಯಲ್ಲೇ ಬಿಟ್ಟು ಎದ್ದಳು. ಅಭ್ಯರ್ಥಿಗಳನ್ನು ಕೂರಿಸಿ ಪ್ರಶ್ನೆ ಕೇಳುವ ಕೋಣೆ ಅದು. ಇವತ್ತು ಮೇಷ್ಟ್ರು ಅಭ್ಯರ್ಥಿಯ ಕುರ್ಚಿಯಲ್ಲಿ ಕೂತಿದ್ದರು. ಹಾದುಹೋಗುವವರೆಲ್ಲ ಕತ್ತು ಹೊರಳಿಸದೆ ಕಣ್ಣು ಮಾತ್ರ ಹೊರಳಿಸಿ ನೋಡುತ್ತಿದ್ದರು.

*

ಬಲೆ ಬೀಸಿದ ಮೇಲೆ ಮೇಷ್ಟ್ರು ಸಂದರ್ಶನ ಮಾಡಿದ್ದು ಇಬ್ಬರನ್ನು. ಇಬ್ಬರೂ ಫೇಲು. ಪೊಲೀಸಮ್ಮ ಇಬ್ಬರಿಗೂ ಫೋನು ಮಾಡಿದಳು.

ಮೊದಲನೆಯವನು ಅರ್ಧ ರಿಂಗಿಗೇ ಎತ್ತಿದ. ಕಂಪನಿಯ ಹೆಸರು ಕೇಳಿದ ಕೂಡಲೇ ಅವನ ಧ್ವನಿಯಲ್ಲಿ ಎದ್ದ ಆಸೆ ಅವಳಿಗೆ ಕೇಳಿಸಿತು. ಕೆಲಸ ಕೊಡಲು ಮಾಡಿದ ಫೋನಲ್ಲ ಎಂದಾಗ ಅದು ಸತ್ತಿದ್ದೂ ಕೇಳಿಸಿತು. ಗೋದಾಮಿನ ಪ್ರಶ್ನೆಯ ಬಗ್ಗೆ ವಿಚಾರಿಸಿದರೆ ಯಾವ ಗೋದಾಮು ಎಂದು ಅವಳನ್ನೇ ತಿರುಗಿ ಕೇಳಿದ. ಅವನಿಗೆ ಕೇಳಿದ್ದು ಬಸ್ ಡಿಪೋದ ಬಗ್ಗೆ. ರಾತ್ರಿ ಹೇಗೆ ಹೇಗೋ ನಿಲ್ಲಿಸಿಹೋದ ಬಸ್ಸುಗಳು, ಗೇಟು ಒಂದೇ, ಬೆಳಗ್ಗೆ ಎಲ್ಲವೂ ಹೊತ್ತಿಗೆ ಸರಿಯಾಗಿ ಆಚೆ ಬರಬೇಕು.

ಎರಡನೆಯವಳದೂ ಅದೇ ಮಾತು. ಬಸ್ ಡಿಪೋ. ಅವಳು ಇನ್ನೂ ಒಂದು ಮಾತು ಸೇರಿಸಿದಳು.

"ಉಳಿದ ಸುತ್ತಿನವರು ಲ್ಯಾಪ್‌ಟಾಪಿನಿಂದ ತಲೇನೇ ಎತ್ತಲಿಲ್ಲ ಮೇಡಂ. ಇವರು ನನ್ನ ಜೊತೆ ಎದ್ದು ನಿಂತು ಬೋರ್ಡಿನ ಮೇಲೆ ಬಸ್ಸು ಬರೆದರು. ಫೇಲು ಮಾಡಿದ್ರು, ಆದರೆ ಎಲ್ಲಿ ತಪ್ಪಿದೆ ಅಂತ ಗೊತ್ತಾಗಿ ಮನೆಗೆ ಹೋದೆ."

ಜನ ಆ ಮನುಷ್ಯನಿಗೆ ಮೇಷ್ಟ್ರು ಎಂದು ಅಡ್ಡಹೆಸರು ಇಟ್ಟಿದ್ದು ಸುಮ್ಮನೆ ಅಲ್ಲ.

ಒಂದು ಕಾಫಿ ಕುಡಿಯುವಷ್ಟು ಹೊತ್ತು ಪೊಲೀಸಮ್ಮನಿಗೆ ಖುಷಿಯೋ ಖುಷಿ. ಮೇಷ್ಟ್ರು ಹೊಸ ಪ್ರಶ್ನೆಯನ್ನು ಓದಿಲ್ಲ, ಯಾರ ಮುಂದೆಯೂ ಬಾಯಿ ಬಿಟ್ಟು ಹೇಳಿಲ್ಲ. ಹಾಗಿದ್ದ ಮೇಲೆ ಗಾಡಿ ಅವರಿಂದ ಆಚೆ ಹೋಗಿರಲು ಸಾಧ್ಯವೇ ಇಲ್ಲ. ಬಲೆ ಸರಿಯಾಗಿಯೇ ಬಿದ್ದಿತ್ತು, ಮೀನು ಮಾತ್ರ ಬೇರೆ.

ಅವಳು ವಾಪಸು ಹೋಗಿ ಇದನ್ನು ಹೇಳಿದಾಗ ಮೇಷ್ಟ್ರ ಮುಖ ಕಪ್ಪಿಟ್ಟಿತು. ಬಿಡುಗಡೆ ಸಿಕ್ಕ ಮನುಷ್ಯನ ಮುಖ ಅದಲ್ಲ.

"ಇದನ್ನ ಮೂರು ಗಂಟೆಗೆ ಹೇಳ್ತೀರಾ?"

"ಹೇಳದೆ? ನಿಮ್ಮನ್ನ ಉಳಿಸೋಕೆ ಇರೋದು ಇದೊಂದೇ."

"ಹೇಳಬೇಡಿ," ಎಂದರು ಮೇಷ್ಟ್ರು.

ಯಾಕೆ ಎಂದು ಆಮೇಲೆ ವಿವರಿಸಿದರು. ಬರೆದುಕೊಟ್ಟ ಪ್ರಶ್ನೆಯನ್ನು ಬರೆದ ಹಾಗೆಯೇ ಓದಬೇಕು, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು ಎನ್ನುವುದು ಕಂಪನಿಯ ನಿಯಮ. ಹಾಗೆಯೇ ಮಾಡುತ್ತೇನೆಂದು ಮೇಷ್ಟ್ರು ವರ್ಷ ವರ್ಷ ಸಹಿ ಹಾಕುತ್ತಲೇ, ವರ್ಷ ವರ್ಷವೂ ಬಸ್ ಡಿಪೋವನ್ನೇ ಕೇಳಿಕೊಂಡು ಬಂದಿದ್ದರು. ತಾವಾಗಿ ಓಡುವ ಗಾಡಿಗಳ ಗೋದಾಮನ್ನು ಕಂಡವರು ಎಷ್ಟು ಜನ? ಬಸ್ಸು ಎಲ್ಲರಿಗೂ ಗೊತ್ತು. ನೋಡದ ಗೋದಾಮನ್ನು ಊಹಿಸಿಕೊಳ್ಳುವುದರಲ್ಲೇ ಬಡಪಾಯಿಗಳ ಅರ್ಧ ಹೊತ್ತು ಹೋಗುತ್ತದೆ ಎನ್ನುವುದು ಅವರ ಲೆಕ್ಕ.

ಅದು ಈಗ ಹೊರಬಿದ್ದರೆ ಅವರ ಸುತ್ತುಗಳೆಲ್ಲ ರದ್ದು. ರದ್ದು ಎಂದರೆ, ಅವರು ಪಾಸು ಮಾಡಿ ಒಳಗೆ ಬಂದವರೆಲ್ಲ ಮತ್ತೆ ಮೊದಲಿನಿಂದ ಸಂದರ್ಶನಕ್ಕೆ ಕೂರಬೇಕು. ಕೂತವರಲ್ಲಿ ಎಷ್ಟು ಜನ ಉಳಿಯುತ್ತಾರೆ?

"ಈಗ ಕೂತರೆ ನಾನೇ ಪಾಸಾಗಲ್ಲ," ಎಂದರು ಮೇಷ್ಟ್ರು. "ಇಲ್ಲಿ ಯಾರೂ ಎರಡನೇ ಸಲ ಪಾಸಾಗಲ್ಲ. ಒಂದು ಸಲ ಆಗೋದೇ ಪುಣ್ಯ. ಅವರಲ್ಲಿ ಒಬ್ಬೊಬ್ಬರ ಮುಖಾನೂ ನನಗೆ ನೆನಪಿದೆ. ನನ್ನೊಬ್ಬನದು ಹೋದರೆ ಹೋಗಲಿ ಬಿಡಿ."

ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಆ ಮುಖಗಳಲ್ಲಿ ಒಂದು ಪೊಲೀಸಮ್ಮನ ಸ್ವಂತ ತಂಗಿಯದು.

*

ಹಾಗಾದರೆ ಆ ಗಾಡಿಯನ್ನು ಕಂಡವರು ಯಾರು? ಹೊಸ ಪ್ರಶ್ನೆಗಳಿದ್ದದ್ದು ಕಂಪ್ಯೂಟರಿನ ಒಂದು ಬೀಗ ಹಾಕಿದ ಜಾಗದಲ್ಲಿ. ಎಲ್ಲರೂ ಅದನ್ನು ಪ್ರಶ್ನೆ ಬೀರು ಎನ್ನುತ್ತಿದ್ದರು. ಆಯಾ ಸಂದರ್ಶಕರು ತಮ್ಮ ಖಾನೆಯನ್ನಷ್ಟೇ ತೆಗೆಯಬಹುದು. ಎಲ್ಲ ಖಾನೆಯನ್ನೂ ತೆಗೆಯಬಲ್ಲವಳು ಒಬ್ಬಳೇ, ನೇಮಕಾತಿಯ ಮುಖ್ಯಸ್ಥೆ. ಅವಳನ್ನು ದಾಟದೆ ಯಾರೂ ಒಳಗೆ ಕಾಲಿಡುವಂತಿಲ್ಲವಾದ್ದರಿಂದ ಬೆನ್ನ ಹಿಂದೆ ಅವಳಿಗೆ ಹೊಸ್ತಿಲಮ್ಮ ಎಂದು ಹೆಸರು.

ಪೊಲೀಸಮ್ಮ ಅವಳ ಕೋಣೆಗೆ ಹೋಗಿ, ಬೇರೆ ಯಾರ ಕೈಯಲ್ಲಾದರೂ ಬೀರುವಿನ ಕೀಲಿ ಇದೆಯೇ ಎಂದು ಸುತ್ತಿ ಬಳಸದೆ ಕೇಳಿದಳು. ಹೊಸ್ತಿಲಮ್ಮ ನಕ್ಕಳು. ತನ್ನನ್ನೇ ಸಂಶಯಿಸುವುದಾದರೆ ಧಾರಾಳವಾಗಿ ಸಂಶಯಿಸಬಹುದು, ಆದರೆ ಪ್ರಶ್ನೆ ಸೋರಿದರೆ ಮೊದಲು ಹೋಗುವುದು ತನ್ನದೇ ಕುರ್ಚಿ ಎಂದಳು. ಅದು ನಿಜ. ತನ್ನ ಕುರ್ಚಿಗೆ ತಾನೇ ಬೆಂಕಿ ಇಟ್ಟುಕೊಳ್ಳುವ ಹೆಂಗಸಿನ ಹಾಗೆ ಅವಳು ಕಾಣಲಿಲ್ಲ.

ಬಿಟ್ಟರೆ ಇನ್ನು ಯಾರು? ಯಾರೂ ಇಲ್ಲ, ಎಂದಳು ಹೊಸ್ತಿಲಮ್ಮ. ಕಳ್ಳ ಸಿಕ್ಕಿದ ಮೇಲೂ ಹುಡುಕುವ ಚಟವನ್ನು ಠಾಣೆಯಲ್ಲೇ ಬಿಟ್ಟುಬರಬೇಕಿತ್ತು ಎಂದೂ ಒಂದು ಚುಚ್ಚು ಮಾತು ಸೇರಿಸಿದಳು.

ಪೊಲೀಸಮ್ಮ ಆಚೆ ಬಂದಳು. ಲಿಫ್ಟಿನ ಪಕ್ಕದ ಗೋಡೆಯ ಮೇಲೆ 'ಇಲ್ಲಿ ನೀವು ನೀವಾಗಿರಿ' ಎಂದು ಆಳೆತ್ತರದ ಅಕ್ಷರದಲ್ಲಿ ಬರೆದಿತ್ತು. ಕೊರಳಿನ ಕಾರ್ಡು ತೋರಿಸದೆ ಆ ಲಿಫ್ಟು ಅಲುಗುತ್ತಿರಲಿಲ್ಲ.

ಉಳಿದಿದ್ದು ಒಂದೇ ದಾರಿ. ಮೇಷ್ಟ್ರು ಬೇಡ ಎಂದರೂ ಬಸ್ ಡಿಪೋದ ವಿಷಯ ಹೇಳಲೇಬೇಕು. ಫೇಲಾದ ಇಬ್ಬರ ಮಾತನ್ನು ವಿಚಾರಣೆಯಲ್ಲಿ ಹೊಟ್ಟೆಯುರಿ ಎಂದು ತಳ್ಳಿಹಾಕುತ್ತಾರೆ. ಪಾಸಾಗಿ ಒಳಗೆ ಬಂದವರು ಒಬ್ಬರಾದರೂ ಹೌದೆನ್ನಬೇಕು. ಕೆಲಸ ಹೋದರೂ ಹೋಗಲಿ ಎಂದು ಬಂದು ನಿಲ್ಲುವಂಥವರು. ಅಂಥದೊಂದು ಉಪಕಾರವನ್ನು ಅವಳು ಯಾರ ಹತ್ತಿರ ಬಾಯಿಬಿಟ್ಟು ಕೇಳಲು ಸಾಧ್ಯ?

*

ಊಟದ ಹಾಲ್‌ನ ಹಿಂದೆ, ಬೆಂಕಿ ಬಿದ್ದರೆ ಇಳಿದು ಓಡಲು ಮಾಡಿದ ಮೆಟ್ಟಿಲಿತ್ತು. ಅಕ್ಕ ತಂಗಿ ಊಟ ಮಾಡುತ್ತಿದ್ದದ್ದು ಅಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ.

ಕದ್ದು ಕೂರುವಂತೆ ಮಾಡಿದ್ದು ಪುಟ್ಟಿಯೇ. ವಯಸ್ಸು ನಲವತ್ತರ ಹತ್ತಿರವಾದರೂ ಮನೆಯಲ್ಲಿ ಅವಳು ಇನ್ನೂ ಪುಟ್ಟಿ. ಮಕ್ಕಳನ್ನು ಸಾಕಲು ಕೆಲಸ ಬಿಟ್ಟಿದ್ದಳು, ಆಮೇಲೆ ಗಂಡ ಅವಳನ್ನು ಬಿಟ್ಟ. ಎರಡು ಮಕ್ಕಳನ್ನು ಕಟ್ಟಿಕೊಂಡು ಅಕ್ಕನ ಮನೆಯ ಮಹಡಿ ಕೋಣೆಗೆ ಬಂದು, ಎರಡು ಸಲ ಫೇಲಾಗಿ, ಮೂರನೆಯ ಸಲ ಈ ಕಂಪನಿಗೆ ಸೇರಿ ಆರು ತಿಂಗಳಾಗಿತ್ತು. ಸಂಬಳ ಬರತೊಡಗಿದ ಮೇಲೆ ಬೇರೆ ಮನೆ ಮಾಡಿದ್ದಳು. ಅಕ್ಕನ ಕೈ ಹಿಡಿದು ಒಳಗೆ ಬಂದಳು ಎಂದು ಯಾರೂ ಅನ್ನಬಾರದೆಂದು ಅವಳು ಬೇಡಿಕೊಂಡಿದ್ದಳು. ಸಂಬಂಧಿಕರಿದ್ದರೆ ಕಂಪನಿಗೆ ತಿಳಿಸಬೇಕೆಂಬ ನಿಯಮ ಗೊತ್ತಿದ್ದೂ ಪೊಲೀಸಮ್ಮ ಬಾಯಿ ಮುಚ್ಚಿಕೊಂಡಿದ್ದಳು. ಈ ಕೇಸು ಕೈಗೆ ಬಂದಾಗಲೂ ಮುಚ್ಚಿಕೊಂಡೇ ಇದ್ದಳು. ಅದು ತಪ್ಪು ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

"ನಿನ್ನ ನಾಲ್ಕನೇ ಸುತ್ತಿನಲ್ಲಿ ಏನು ಕೇಳಿದ್ರು?" ಎಂದು ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರುತ್ತ ಕೇಳಿದಳು.

ಪುಟ್ಟಿಯ ಕೈ ಡಬ್ಬಿಯಲ್ಲೇ ನಿಂತಿತು. ಮೇಷ್ಟ್ರ ಸುದ್ದಿ ಬೆಳಗಿನಿಂದ ಎಲ್ಲರ ಬಾಯಲ್ಲೂ ಇತ್ತು. "ಗೋದಾಮಿನದು," ಎಂದಳು. "ಬರೆದ ಹಾಗೇ ಓದಿದ್ರು. ಬೇರೆ ಏನೂ ಕೇಳಲಿಲ್ಲ."

ಸುಳ್ಳು. ಕೆಲಸ ಉಳಿಸಿಕೊಳ್ಳಲು ಹೇಳುತ್ತಿದ್ದಾಳೆ ಎಂದು ಪೊಲೀಸಮ್ಮನಿಗೆ ಗೊತ್ತಾಯಿತು. ಬಸ್ಸಿನ ಬಗ್ಗೆ ಏನೂ ಕೇಳಲಿಲ್ಲವೇ ಎಂದು ಮೆಲ್ಲಗೆ ವಿಚಾರಿಸಿದಳು.

"ಯಾವ ಬಸ್ಸು? ಚೆನ್ನಾಗಿ ನೆನಪಿದೆ ನನಗೆ. ಗೋದಾಮು, ಒಂದೇ ಬಾಗಿಲು. ಬಾಗಿಲ ಪಕ್ಕದ ಮೂಲೇಲಿ ಒಂದು ಗಾಡಿ ಕೆಟ್ಟು ನಿಂತಿರುತ್ತೆ, ಉಳಿದವು ಅದನ್ನ ಬಳಸಿಕೊಂಡು ಬರಬೇಕು."

ಪೊಲೀಸಮ್ಮ ತಂಗಿಯ ಕಡೆ ತಿರುಗಿ ಕೂತಳು.

ಅವಳು ಆ ಗಾಡಿಯನ್ನು ನಿಲ್ಲಿಸಿದ್ದು ಹೋದ ತಿಂಗಳು. ಪುಟ್ಟಿ ಸಂದರ್ಶನಕ್ಕೆ ಕೂತಾಗ ಆ ಗಾಡಿ ಹುಟ್ಟಿಯೇ ಇರಲಿಲ್ಲ. ಬಾಗಿಲ ಪಕ್ಕದ ಮೂಲೆ ಎನ್ನುವ ಮಾತು ಜಾಲತಾಣದಲ್ಲೂ ಇರಲಿಲ್ಲ. ಅದು ಇದ್ದದ್ದು ಬೀರುವಿನಲ್ಲಿ ಮಾತ್ರ.

ಠಾಣೆಯಲ್ಲಾಗಿದ್ದರೆ ಅವಳು ಇಲ್ಲಿ ಸುಮ್ಮನಾಗಿ, ಎದುರಿನವರನ್ನು ಮಾತಾಡಲು ಬಿಡುತ್ತಿದ್ದಳು. ಇಲ್ಲಿ ಆಗಲಿಲ್ಲ.

"ಬೀರು ಹೇಗೆ ತೆಗೆದೆ ಪುಟ್ಟಿ?"

ಪುಟ್ಟಿ ಅಕ್ಕನ ಮುಖ ನೋಡಿದಳು. ಹತ್ತು ವರ್ಷದವಳಿದ್ದಾಗ ಕಪಾಟಿನ ಕನ್ನಡಿ ಒಡೆದು ನಿಂತಾಗಲೂ ಹೀಗೇ ನೋಡಿದ್ದಳು. ಅಕ್ಕನ ಹತ್ತಿರ ಸುಳ್ಳು ನಡೆಯುವುದಿಲ್ಲ ಎಂದು ಗೊತ್ತಾದಾಗ ಅವಳ ಭುಜ ಇಳಿಯಿತು.

"ತೆಗೆಯಲಿಲ್ಲ. ತೆಗೆದೇ ಇತ್ತು. ಆಫೀಸಿನ ಎಲ್ಲ ಕಡತಗಳನ್ನ ಹುಡುಕಿಕೊಡೋ ಯಂತ್ರ ಹೋದ ತಿಂಗಳಿಂದ ನಮ್ಮ ಟೀಮಿಗೆ ಬಂದಿದೆ. ಅದಕ್ಕೆ ಎಲ್ಲ ಬೀರುವಿನ ಕೀಲಿನೂ ಕೊಟ್ಟಿದಾರೆ. ಕೊಡದೆ ಇದ್ರೆ ಅದು ಹುಡುಕೋದು ಹೇಗೆ? ಪ್ರಶ್ನೆ ಬೀರೂ ಅದರಲ್ಲೇ ಸೇರಿಹೋಗಿದೆ ಅಂತ ಯಾರಿಗೂ ಹೊಳೆದಿಲ್ಲ."

ಒಂದು ಊರಿನ ಜನರಷ್ಟು ಬುದ್ಧಿವಂತರನ್ನು ಐದೈದು ಸುತ್ತು ಸೋಸಿ ಒಳಗೆ ತಂದುಕೊಂಡ ಕಂಪನಿ ಇದು. ಬೀರುವಿಗೆ ಬೀಗದ ಮೇಲೆ ಬೀಗ ಜಡಿದು, ಹಿಂದಿನ ಹಲಗೆ ಬಡಿಯುವುದನ್ನೇ ಮರೆತಿತ್ತು. ಪೊಲೀಸಮ್ಮನಿಗೆ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಮಿಕ್ಕಿದ್ದನ್ನು ಪುಟ್ಟಿ ಅಳುತ್ತ ಹೇಳಿದಳು. ಅವಳು ಓದಿಕೊಂಡಿದ್ದು ಒಂದು ಸಂಜೆ ತರಗತಿಯಲ್ಲಿ, ತನ್ನ ಹಾಗೆಯೇ ಮಕ್ಕಳಿಗಾಗಿ ಕೆಲಸ ಬಿಟ್ಟು ಮತ್ತೆ ದಾರಿ ಹುಡುಕುತ್ತಿದ್ದ ಹೆಂಗಸರ ಜೊತೆ. ದಾಟಿದವಳು ಅವಳೊಬ್ಬಳೇ. ಉಳಿ‌ದವರೆಲ್ಲ ಆ ನಾಲ್ಕನೆಯ ಸುತ್ತಿನಲ್ಲೇ ಬಿದ್ದು ಬಿದ್ದು ಏಳುತ್ತಿದ್ದರು. ಅವರಲ್ಲೊಬ್ಬ ಗೆಳತಿಗೆ, ಒಬ್ಬಳಿಗೇ, ಫೋನಿನಲ್ಲಿ ಪ್ರಶ್ನೆ ಹೇಳಿದಳು. ಗೆಳತಿ ಇನ್ನೊಬ್ಬಳಿಗೆ ಹೇಳಿದಳು. ಹೀಗೆ ಅದು ಜಾಲತಾಣ ಸೇರಿತು.

"ಅಷ್ಟು ಜನ ಸಂದರ್ಶಕರಿದ್ರು. ಮೇಷ್ಟ್ರದನ್ನೇ ಯಾಕೆ ತೆಗೆದೆ?"

"ನನ್ನನ್ನ ದಾಟಿಸಿದವರು ಅವರು," ಎಂದಳು ಪುಟ್ಟಿ. "ಅವತ್ತು ಗಾಬರೀಲಿ ಪೆನ್ನು ಬಿದ್ದುಹೋಯ್ತು. ಅವರು ಬಗ್ಗಿ ಎತ್ತಿಕೊಟ್ರು. ಬಸ್ಸು ಎಲ್ಲಿಗೂ ಹೋಗಲ್ಲ, ನಿಧಾನಕ್ಕೆ ಯೋಚನೆ ಮಾಡಿ ಅಂದ್ರು. ಅವರ ಕೈಗುಣ ಒಳ್ಳೇದು ಅಂತ ಅವರದನ್ನೇ ಕೊಟ್ಟೆ. ಒಬ್ಬೊಬ್ಬರದರಲ್ಲೂ ಒಂದೊಂದು ಥರ ಬರೆದಿದೆ ಅಂತ ನನಗೇನು ಗೊತ್ತು?"

ಹಾಗೆ ಬರೆದಿಟ್ಟವಳು ಪಕ್ಕದಲ್ಲೇ ಕೂತಿದ್ದಳು. ಪ್ರೀತಿಯಿಂದ ಎತ್ತಿಕೊಂಡ ಒಂದು ಪ್ರಶ್ನೆ, ದಾಟಿಸಿದವರ ಕುತ್ತಿಗೆಗೇ ಬಂದಿತ್ತು. ಪೊಲೀಸಮ್ಮನಿಗೆ ತಂಗಿಯ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು.

"ಮೂರು ಗಂಟೆಗೆ ಮುಂಚೆ ನೀನೇ ಹೋಗಿ ಒಪ್ಪಿಕೋ," ಎಂದಳು. "ದುಡ್ಡಿಗೆ ಮಾಡಿದ್ದಲ್ಲ, ಯಂತ್ರದ ತೂತು ತೋರಿಸಿಕೊಟ್ಟಿದೀಯ. ನಾನೂ ನಾಲ್ಕು ಮಾತು ಹೇಳ್ತೀನಿ. ಕೆಲಸ ಉಳಿದರೂ ಉಳಿಯಬಹುದು."

"ಬಹುದು ಅಂದ್ರೆ?"

"ಪುಟ್ಟಿ, ಅವರು ಏನೂ ಮಾಡಿಲ್ಲ."

"ಗೊತ್ತು. ನಾನೂ ಯಾರಿಗೂ ಕೆಟ್ಟದ್ದು ಮಾಡಬೇಕು ಅಂತ ಮಾಡಲಿಲ್ಲ. ಕೆಲಸ ಹೋದ್ರೆ ಮತ್ತೆ ನಿನ್ನ ಮನೇಲಿ, ನಿನ್ನ ಹಂಗಿನಲ್ಲಿ ಎಷ್ಟು ವರ್ಷ ಇರಲಿ?"

"ಹಂಗು ಅಂತ ನಾನು ಯಾವತ್ತಾದ್ರೂ ಅಂದಿದೀನಾ?"

"ಬಾಯಲ್ಲಿ ಅನ್ನಲಿಲ್ಲ," ಎಂದಳು ಪುಟ್ಟಿ. "ತಿಂಗಳ ಕೊನೇಲಿ ನೀನು ಪಾತ್ರೆ ಸದ್ದು ಮಾಡಿ ಇಡ್ತಿದ್ದೆ. ಮಕ್ಕಳು ಎರಡನೇ ಸಲ ಬಡಿಸಿಕೊಳ್ಳೋ ಮುಂಚೆ ನಿನ್ನ ಮುಖ ನೋಡ್ತಿದ್ವು."

ಪೊಲೀಸಮ್ಮನಿಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ಹಾಗೇನೂ ಇರಲಿಲ್ಲ ಎನ್ನಬೇಕೆಂದಿದ್ದಳು, ಆದರೆ ಇತ್ತು. ತಂಗಿ ಬಂದ ಹೊಸದರಲ್ಲಿ ಇದ್ದ ಅಕ್ಕರೆ ಎರಡನೆಯ ವರ್ಷಕ್ಕೆ ಬೇಸರವಾಗಿದ್ದು ಅವಳಿಗೇ ಗೊತ್ತಿತ್ತು.

"ನೀನು ಹೋಗಿ ಹೇಳದಿದ್ರೆ ನಾನು ಹೇಳಬೇಕಾಗುತ್ತೆ," ಎಂದು ಎದ್ದಳು. ಧ್ವನಿ ಅವಳು ಅಂದುಕೊಂಡಿದ್ದಕ್ಕಿಂತ ಗಡುಸಾಗಿ ಬಂತು.

ಪುಟ್ಟಿ ಕಣ್ಣೊರೆಸಿಕೊಂಡಳು. ತಿನ್ನದ ಡಬ್ಬಿಯನ್ನು ಮುಚ್ಚಿ, ಅದರ ಪಕ್ಕದ ಕೊಂಡಿಗಳನ್ನು ಒಂದೊಂದಾಗಿ ಒತ್ತಿದಳು. ಹೋಗುತ್ತೇನೆ ಅಕ್ಕ, ನಾನೇ ಹೋಗಿ ಹೇಳುತ್ತೇನೆ, ಎಂದಳು.

*

ವಿಚಾರಣೆಯ ಕೋಣೆಗೆ ಪೊಲೀಸಮ್ಮ ಕಾಲಿಟ್ಟಾಗ ಹೊಸ್ತಿಲಮ್ಮ ಮೇಜಿನ ತುದಿಯಲ್ಲಿ ಕೂತಾಗಿತ್ತು. ಗೋಡೆಯ ಪರದೆಯ ಮೇಲೆ ಕಂಪನಿಯ ವಕೀಲನ ಮುಖ. ಮೇಷ್ಟ್ರು ಒಂದು ಬದಿಯಲ್ಲಿ ಕೈಕಟ್ಟಿ ಕೂತಿದ್ದರು. ಅವರ ಕೊರಳಲ್ಲಿ ಕಾರ್ಡು ಇರಲಿಲ್ಲ.

ಹೊಸ್ತಿಲಮ್ಮನ ಮುಖ ಅರಳಿತ್ತು. ಸಾಕ್ಷಿಯೊಬ್ಬರು ತಾವಾಗಿಯೇ ತನ್ನ ಹತ್ತಿರ ಬಂದಿದ್ದಾರೆ, ಇನ್ನು ಹೆಚ್ಚು ಹೊತ್ತು ಹಿಡಿಯುವುದಿಲ್ಲ ಎಂದಳು.

ಬಂದಳಲ್ಲ, ಎಂದು ಪೊಲೀಸಮ್ಮನ ಜೀವ ಒಂದು ಕ್ಷಣ ಹಗುರಾಯಿತು. ಪುಟ್ಟಿ ಒಳಗೆ ಬಂದು ಖಾಲಿ ಕುರ್ಚಿಯಲ್ಲಿ ಕೂತಳು. ಅಕ್ಕನ ಕಡೆ ನೋಡಲಿಲ್ಲ. ಮೇಷ್ಟ್ರು ಅವಳನ್ನು ಗುರುತು ಹಿಡಿದರು; ಇಂಥ ಹೊತ್ತಿನಲ್ಲೂ ತಲೆ ತುಸು ಬಾಗಿಸಿ ಚೆನ್ನಾಗಿದ್ದೀರಾ ಎನ್ನುವ ಹಾಗೆ ನೋಡಿದರು.

ಸಾಕ್ಷಿ ಹೇಳಲು ತಾವಾಗಿ ಬಂದವರ ಕೆಲಸಕ್ಕೆ ಯಾವ ತೊಂದರೆಯೂ ಆಗುವುದಿಲ್ಲ ಎಂದು ವಕೀಲ ಪರದೆಯ ಮೇಲಿನಿಂದ ಓದಿದ. ಆಗ ಪೊಲೀಸಮ್ಮನಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಇದು ತಪ್ಪು ಒಪ್ಪಿಕೊಳ್ಳುವವರಿಗೆ ಓದುವ ಸಾಲಲ್ಲ. ಇನ್ನೊಬ್ಬರ ಮೇಲೆ ಹೇಳುವವರಿಗೆ ಓದುವ ಸಾಲು.

"ಹೋದ ತಿಂಗಳು," ಎಂದಳು ಪುಟ್ಟಿ, ಮೇಜಿನ ಮೇಲೆ ಕಣ್ಣು ನೆಟ್ಟು, "ಇವರು ನನ್ನನ್ನ ಕರೆದು ತಮ್ಮ ಕಂಪ್ಯೂಟರಿನಲ್ಲಿ ಪ್ರಶ್ನೆ ತೋರಿಸಿದ್ರು. ನಿಮ್ಮ ಗೆಳತಿಯರಿಗೆ ಹೇಳಿ ಅಂತ." ಅಲ್ಲಿಗೆ ಅವಳಿಗೆ ಕೆಮ್ಮು ಬಂದು ಮಾತು ನಿಂತಿತು.

ಮೇಷ್ಟ್ರು ತಮ್ಮ ಮುಂದಿದ್ದ ನೀರಿನ ಲೋಟವನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದರು.

"ಅವಸರ ಇಲ್ಲ," ಎಂದರು. "ನೀರು ಕುಡಿದು ಹೇಳಿ."

ಪುಟ್ಟಿ ಆ ನೀರು ಕುಡಿದಳು. ಕುಡಿದು, ಉಳಿದದ್ದನ್ನು ಹೇಳಿ ಮುಗಿಸಿದಳು. ಗಾಡಿ ಬಾಗಿಲ ಪಕ್ಕದ ಮೂಲೆಯಲ್ಲಿ ಕೆಟ್ಟು ನಿಂತಿತ್ತು ಎಂದಳು. ಹೊಸ್ತಿಲಮ್ಮ ತನ್ನ ಮುಂದಿದ್ದ ಹಾಳೆಯಲ್ಲಿ ನೋಡಿ ಸರಿಯಾಗಿದೆ ಎಂದು ತಲೆಯಾಡಿಸಿದಳು. ಆಚೆ ಎಲ್ಲೂ ಇಲ್ಲದ ಆ ಮಾತು ಸಾಕ್ಷಿಯ ಬಾಯಲ್ಲಿ ಬಂದ ಮೇಲೆ ಇನ್ನೇನು ಬೇಕು?

ಮೇಷ್ಟ್ರನ್ನು ಕೇಳಿದಾಗ ಅವರು ಪುಟ್ಟಿ ಕುಡಿದಿಟ್ಟ ಲೋಟವನ್ನು ತಮ್ಮ ಕಡೆಗೆ ಸರಿಸಿಕೊಂಡರು. ಬಸ್ ಡಿಪೋ ಎಂಬ ಒಂದು ಮಾತು ಸಾಕಿತ್ತು. ಅವರು ಆಡಲಿಲ್ಲ. ಈಕೆ ಹೇಳಿದ್ದಕ್ಕೆ ಸೇರಿಸುವುದೂ ಇಲ್ಲ, ಕಳೆಯುವುದೂ ಇಲ್ಲ ಎಂದರು.

ವಕೀಲ ಗಡಿಯಾರ ನೋಡಿಕೊಂಡ. ಹೊಸ್ತಿಲಮ್ಮ ತನಿಖೆಯ ವರದಿಯನ್ನು ಪೊಲೀಸಮ್ಮನ ಮುಂದಕ್ಕೆ ತಳ್ಳಿ, ಸಹಿ ಮಾಡುವ ಜಾಗದ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು.

"ಒಂದು ಬಾಕಿ ಇದೆ," ಎಂದಳು. "ನಿಯಮ ಅಂತ ಕೇಳಬೇಕು, ತಪ್ಪು ತಿಳೀಬೇಡಿ. ಸಾಕ್ಷಿಗೂ ತನಿಖೆ ಮಾಡಿದವರಿಗೂ ಏನಾದರೂ ಸಂಬಂಧ ಇದೆಯಾ? ನೆಂಟಸ್ತಿಕೆ, ಮತ್ತೊಂದು?"

"ಇಲ್ಲ," ಎಂದಳು ಪುಟ್ಟಿ. ಒಳಗೆ ಬಂದಾಗಿನಿಂದ ಅವಳು ತೊದಲದೆ ಆಡಿದ ಮೊದಲ ಮಾತು ಅದು. "ಇವರು ನನಗೆ ಏನೂ ಆಗಬೇಕಿಲ್ಲ."

ಹೊಸ್ತಿಲಮ್ಮ ಅದನ್ನು ಬರೆದುಕೊಂಡಳು. ಬರೆದು ಪೆನ್ನನ್ನು ಪೊಲೀಸಮ್ಮನ ಕಡೆ ತಿರುಗಿಸಿ ಹಿಡಿದಳು.

"ಇನ್ನು ನೀವು ಹೇಳಿ ಮೇಡಂ. ಈಕೆ ನಿಮಗೆ ಏನಾಗಬೇಕು?"

ಪೊಲೀಸಮ್ಮ ಪೆನ್ನು ತೆಗೆದುಕೊಳ್ಳದೆ ಎದ್ದು ನಿಂತಳು. ಪುಟ್ಟಿ ಆಗ ಮೊದಲ ಸಲ ತಲೆಯೆತ್ತಿ ಅಕ್ಕನನ್ನು ನೋಡಿದಳು.